ಸೇರುವ ಪ್ರಶ್ನೆ ಬೇರೆ, ಬಿಡುವ ಪ್ರಶ್ನೆ ಬೇರೆ: ಇರಾನ್ ಪರಮಾಣು ಒಪ್ಪಂದದಿಂದ ಅಮೆರಿಕ ಹೊರನಡೆದ ಪ್ರಕರಣ

2018ರ ಮೇ 8ರಂದು ಅಮೆರಿಕದ ಅಧ್ಯಕ್ಷ ಡೊನಾಲ್ಡ್ ಟ್ರಂಪ್ ಇರಾನ್ ಪರಮಾಣು ಒಪ್ಪಂದದಿಂದ ತಮ್ಮ ದೇಶ ಹಿಂದೆ ಸರಿಯುತ್ತಿದೆ ಎಂದು ಶ್ವೇತಭವನದಲ್ಲಿ ಪ್ರಕಟಿಸಿದರು. ಆ ನಿರ್ಧಾರದ ಬಗ್ಗೆ ಆತಂಕ ತೋಡಿಕೊಂಡವರಲ್ಲಿ ಅವರದೇ ರಿಪಬ್ಲಿಕನ್ ಪಕ್ಷದ ಎಡ್ ರಾಯ್ಸ್ ಒಬ್ಬರು. ರಾಯ್ಸ್ ಆಗ ಪ್ರತಿನಿಧಿ ಸಭೆಯ ವಿದೇಶಾಂಗ ಸಮಿತಿಯ ಅಧ್ಯಕ್ಷರು. 2015ರಲ್ಲಿ ಇದೇ ಒಪ್ಪಂದದ ವಿರುದ್ಧ ನಿಂತವರ ಮುಂಚೂಣಿಯಲ್ಲಿ ಅವರಿದ್ದರು. ಅತ್ತ ಡೆಮಾಕ್ರಟಿಕ್ ಪಕ್ಷದ ಸೆನೆಟರ್‌ಗಳಾದ ಬೆನ್ ಕಾರ್ಡಿನ್ ಮತ್ತು ಬಾಬ್ ಮೆನೆಂಡೆಜ್ 2015ರಲ್ಲಿ ತಮ್ಮದೇ ಅಧ್ಯಕ್ಷ ಬರಾಕ್ ಒಬಾಮ ಅವರನ್ನು ಎದುರು ಹಾಕಿಕೊಂಡು ಒಪ್ಪಂದಕ್ಕೆ ವಿರುದ್ಧವಾಗಿ ಮತ ಹಾಕಿದವರು. 2018ರಲ್ಲಿ ಅವರಿಬ್ಬರೂ ಹೊರಬರುವುದನ್ನು ಖಂಡಿಸಿದರು.

ಈ ಮೂವರ ದೃಷ್ಟಿಯಲ್ಲಿ ಒಪ್ಪಂದ ಮೂರು ವರ್ಷಗಳಲ್ಲಿ ಏಕಾಏಕಿ ಒಳ್ಳೆಯದಾಗಿರಲಿಲ್ಲ. ಆದರೆ 2015ರಲ್ಲಿ ಕೈಯಲ್ಲಿದ್ದ ಆಯ್ಕೆಗಳು 2018ರಲ್ಲಿ ಉಳಿದಿರಲಿಲ್ಲ. ಇರಾನಿನ ಹಣಕ್ಕೆ ಹಾಕಿದ್ದ ತಡೆ ಆಗಲೇ ತೆರವಾಗಿತ್ತು, ಅದನ್ನು ಹಿಂದಕ್ಕೆ ಪಡೆಯಲು ದಾರಿಯಿರಲಿಲ್ಲ. ಇರಾನಿನ ಮೇಲಿದ್ದ ಕಟ್ಟುಪಾಡುಗಳು ಮಾತ್ರ ಇನ್ನೂ ಜಾರಿಯಲ್ಲಿದ್ದವು. ಬಿಟ್ಟುಹೋದರೆ ಕಳೆದುಕೊಳ್ಳುವುದು ಆ ಕಟ್ಟುಪಾಡುಗಳನ್ನೇ. ಈ ಪ್ರಕರಣವನ್ನು ಇಷ್ಟು ವಿವರವಾಗಿ ನೋಡಬೇಕೆನಿಸುವುದಕ್ಕೆ ಕಾರಣ ಇದೇ. ಒಂದು ಒಪ್ಪಂದಕ್ಕೆ ಸೇರಬೇಕೇ ಎಂಬ ಪ್ರಶ್ನೆಗೂ ಸೇರಿದ ಮೇಲೆ ಬಿಡಬೇಕೇ ಎಂಬ ಪ್ರಶ್ನೆಗೂ ಉತ್ತರ ಒಂದೇ ಆಗಿರಬೇಕಿಲ್ಲ. ವಾಷಿಂಗ್ಟನ್ನಿನ ಚರ್ಚೆ ಬಹುಮಟ್ಟಿಗೆ ಮೊದಲ ಪ್ರಶ್ನೆಯನ್ನೇ ಮೂರು ವರ್ಷ ತಡವಾಗಿ ಮತ್ತೆ ಕೇಳಿತು. ಎರಡನೆಯದನ್ನು ಯಾವ ಸದನವೂ ಮತಕ್ಕೆ ಹಾಕಲಿಲ್ಲ.

ಒಪ್ಪಂದದಲ್ಲಿ ಏನಿತ್ತು

2015ರ ಜುಲೈ 14ರಂದು ವಿಯೆನ್ನಾದಲ್ಲಿ ಅಂತಿಮಗೊಂಡ ಈ ಒಪ್ಪಂದದಲ್ಲಿ ಒಂದು ಕಡೆ ಇರಾನ್ ಇತ್ತು. ಇನ್ನೊಂದು ಕಡೆ ಅಮೆರಿಕ, ಬ್ರಿಟನ್, ಫ್ರಾನ್ಸ್, ಜರ್ಮನಿ, ರಷ್ಯಾ, ಚೀನಾ ಮತ್ತು ಐರೋಪ್ಯ ಒಕ್ಕೂಟ ಇದ್ದವು. ಆರು ದಿನಗಳ ನಂತರ ವಿಶ್ವಸಂಸ್ಥೆಯ ಭದ್ರತಾ ಮಂಡಳಿ 2231ನೇ ನಿರ್ಣಯದ ಮೂಲಕ ಅದನ್ನು ಅವಿರೋಧವಾಗಿ ಅನುಮೋದಿಸಿತು.

ಇರಾನ್ ಒಪ್ಪಿಕೊಂಡ ಮಿತಿಗಳು ಹೀಗಿದ್ದವು. ಯುರೇನಿಯಂ ಸಂವರ್ಧನೆ, ಎಂದರೆ ಅದರಲ್ಲಿ ಶಕ್ತಿ ಕೊಡುವ ಅಂಶದ ಪಾಲನ್ನು ಹೆಚ್ಚಿಸುವ ಕೆಲಸ, 15 ವರ್ಷಗಳ ಕಾಲ ಶೇ 3.67ನ್ನು ದಾಟಬಾರದು. ಇದು ವಿದ್ಯುತ್ ಸ್ಥಾವರಕ್ಕೆ ಸಾಲುವ ಮಟ್ಟ, ಬಾಂಬಿಗೆ ಬೇಕಾದದ್ದು ಶೇ 90ರ ಆಸುಪಾಸು. ದಾಸ್ತಾನು 300 ಕಿಲೊ ಮೀರಬಾರದು. ಈ ಕೆಲಸ ಮಾಡುವ ಸುಮಾರು 19 ಸಾವಿರ ಸೆಂಟ್ರಿಫ್ಯೂಜ್ ಯಂತ್ರಗಳಲ್ಲಿ 6,104 ಮಾತ್ರ ಉಳಿಯಬೇಕು, ಅವುಗಳಲ್ಲೂ 5,060 ಮಾತ್ರ ನತಾಂಜ್ ಘಟಕದಲ್ಲಿ ಯುರೇನಿಯಂ ಸಂವರ್ಧಿಸಬೇಕು. ಬೆಟ್ಟದ ಒಳಗೆ ಕಟ್ಟಿದ ಫೋರ್ಡೊ ಘಟಕದಲ್ಲಿ 15 ವರ್ಷ ಸಂವರ್ಧನೆಯೇ ಇಲ್ಲ. ಬಾಂಬಿಗೆ ಪ್ಲುಟೋನಿಯಂ ದಾರಿ ತೆರೆಯಬಹುದಾಗಿದ್ದ ಅರಾಕ್‌ನ ಭಾರಜಲ ರಿಯಾಕ್ಟರಿನ ಒಡಲನ್ನು ಹೊರತೆಗೆದು ಕಾಂಕ್ರೀಟ್ ತುಂಬಬೇಕು. ಅಂತರರಾಷ್ಟ್ರೀಯ ಅಣುಶಕ್ತಿ ಸಂಸ್ಥೆಯ ತಪಾಸಣೆಗೆ ಯುರೇನಿಯಂ ಗಣಿಯಿಂದ ಹಿಡಿದು ಎಲ್ಲ ಹಂತವೂ ತೆರೆದಿರಬೇಕು.

ಇದೆಲ್ಲ ನಡೆದದ್ದೂ ಉಂಟು. 2015ರ ಡಿಸೆಂಬರಿನಲ್ಲಿ 11 ಟನ್ನಿಗೂ ಹೆಚ್ಚು ಯುರೇನಿಯಂ ಹಡಗೇರಿ ರಷ್ಯಾಕ್ಕೆ ಹೋಯಿತು. ಅರಾಕ್‌ನಲ್ಲಿ ಕಾಂಕ್ರೀಟ್ ಬಿತ್ತು. ಪ್ರತಿಯಾಗಿ 2016ರ ಜನವರಿ 16ರಂದು ಇರಾನ್ ಮೇಲಿದ್ದ ಆರ್ಥಿಕ ನಿರ್ಬಂಧಗಳು ಸಡಿಲಗೊಂಡವು. ಬಾಂಬಿಗೆ ಸಾಲುವಷ್ಟು ಯುರೇನಿಯಂ ತಯಾರಿಸಲು ಇರಾನಿಗೆ ಬೇಕಾಗುತ್ತಿದ್ದ ಕಾಲ ಎರಡು ಮೂರು ತಿಂಗಳಿಂದ ಸುಮಾರು ಒಂದು ವರ್ಷಕ್ಕೆ ಏರಿತು ಎಂಬುದು ಅಮೆರಿಕ ಸರ್ಕಾರದ ಅಂದಾಜು. ಯುಕಿಯಾ ಅಮಾನೊ ನೇತೃತ್ವದ ಅಣುಶಕ್ತಿ ಸಂಸ್ಥೆ ವರದಿಯ ಮೇಲೆ ವರದಿಯಲ್ಲಿ ಇರಾನ್ ಮಿತಿಯೊಳಗಿದೆ ಎಂದೇ ಹೇಳಿತು. 2016ರಲ್ಲಿ ಎರಡು ಬಾರಿ ಭಾರಜಲದ ದಾಸ್ತಾನು 130 ಟನ್ನಿನ ಮಿತಿಯನ್ನು ಕೊಂಚ ಮೀರಿತ್ತು, ಎರಡೂ ಬಾರಿ ಸರಿಪಡಿಸಲಾಯಿತು.

ಒಬ್ಬರ ಲೇಖನಿಯ ಮೇಲೆ ನಿಂತದ್ದು

ಒಪ್ಪಂದದ ದೌರ್ಬಲ್ಯ ಯುರೇನಿಯಂ ಲೆಕ್ಕದಲ್ಲಿರಲಿಲ್ಲ, ಅಮೆರಿಕದ ಸಂವಿಧಾನದಲ್ಲಿತ್ತು. ಅಲ್ಲಿ ಅಂತರರಾಷ್ಟ್ರೀಯ ಕರಾರೊಂದು ಪೂರ್ಣ ಬಲ ಪಡೆಯಬೇಕಾದರೆ ಸೆನೆಟ್‌ನಲ್ಲಿ ಮೂರನೇ ಎರಡರಷ್ಟು ಬೆಂಬಲ, ಎಂದರೆ ನೂರರಲ್ಲಿ 67 ಮತ, ಬೇಕು. 2015ರಲ್ಲಿ ಅದು ಕನಸಿನ ಮಾತು. 2012ರಲ್ಲಿ ಅಂಗವಿಕಲರ ಹಕ್ಕುಗಳ ಒಪ್ಪಂದಕ್ಕೇ ಸೆನೆಟ್‌ನಲ್ಲಿ ಸಿಕ್ಕಿದ್ದು 61 ಮತ. ಇಂಥ ಒಪ್ಪಂದಗಳಿಗೆ ಈಗ ಸೆನೆಟ್‌ನ ಒಪ್ಪಿಗೆ ಪಡೆಯುವುದು ಸಾಧ್ಯವೇ ಇಲ್ಲದಂತಾಗಿದೆ ಎಂದು ವಿದೇಶಾಂಗ ಕಾರ್ಯದರ್ಶಿ ಜಾನ್ ಕೆರಿ ಪ್ರತಿನಿಧಿ ಸಭೆಯ ಸಮಿತಿಯ ಮುಂದೆ ನೇರವಾಗಿಯೇ ಹೇಳಿದರು. ಹಾಗಾಗಿ ಒಬಾಮ ಆಡಳಿತ ಅದನ್ನು ರಾಜಕೀಯ ಬದ್ಧತೆ ಎಂದು ಕರೆಯಿತು. ಅದಕ್ಕೆ ಯಾರೂ ಸಹಿ ಹಾಕಿಲ್ಲ, ಅದು ಸಹಿಯ ದಾಖಲೆಯೇ ಅಲ್ಲ ಎಂದು ವಿದೇಶಾಂಗ ಇಲಾಖೆ ಆ ವರ್ಷದ ನವೆಂಬರಿನಲ್ಲಿ ಸಂಸದರೊಬ್ಬರಿಗೆ ಬರೆದ ಪತ್ರದಲ್ಲಿ ಸ್ಪಷ್ಟಪಡಿಸಿತು. ಪ್ರಶ್ನೆ ಕೇಳಿದ ಆ ಸಂಸದ ಮೈಕ್ ಪಾಂಪಿಯೊ. ಮೂರು ವರ್ಷದೊಳಗೆ ಅವರೇ ಅದೇ ಇಲಾಖೆಯ ಮುಖ್ಯಸ್ಥರಾದರು.

ಮುನ್ನೆಚ್ಚರಿಕೆ ಇರಲಿಲ್ಲವೆಂದಲ್ಲ. ಮಾತುಕತೆ ಇನ್ನೂ ನಡೆಯುತ್ತಿದ್ದಾಗಲೇ, 2015ರ ಮಾರ್ಚಿನಲ್ಲಿ, ಸೆನೆಟರ್ ಟಾಮ್ ಕಾಟನ್ ಮತ್ತು ಇತರ 46 ರಿಪಬ್ಲಿಕನ್ ಸೆನೆಟರ್‌ಗಳು ಇರಾನಿನ ನಾಯಕರಿಗೆ ಬಹಿರಂಗ ಪತ್ರ ಬರೆದರು. ಮುಂದಿನ ಅಧ್ಯಕ್ಷರು ಇದನ್ನು ಲೇಖನಿಯ ಒಂದೇ ಗೀಟಿನಲ್ಲಿ ರದ್ದುಮಾಡಬಹುದು ಎಂಬುದು ಅದರ ತಿರುಳು. ಹಾಗೆ ಮಾಡುವುದು ಅಂತರರಾಷ್ಟ್ರೀಯ ಕಾನೂನಿನ ಉಲ್ಲಂಘನೆ ಎಂದು ಇರಾನಿನ ವಿದೇಶಾಂಗ ಸಚಿವ ಜವಾದ್ ಜರೀಫ್ ಉತ್ತರಿಸಿದರು. ಜರೀಫ್ ಹೇಳಿದ್ದರಲ್ಲಿ ನ್ಯಾಯವಿತ್ತು, ಆದರೆ ಮುಂದೆ ಏನಾಗಬಹುದೆಂದು ಸರಿಯಾಗಿ ಊಹಿಸಿದ್ದು ಕಾಟನ್.

ಕಾಂಗ್ರೆಸ್, ಎಂದರೆ ಅಮೆರಿಕದ ಸಂಸತ್ತು, ತನ್ನ ಪಾಲಿಗೆ ಪರಿಶೀಲನಾ ಕಾಯ್ದೆಯೊಂದನ್ನು ಮಾಡಿಕೊಂಡಿತ್ತು. ಅದರ ಪ್ರಕಾರ ಒಪ್ಪಂದವನ್ನು ತಡೆಯಬೇಕಾದರೆ ಎರಡೂ ಸದನ ಅಸಮ್ಮತಿ ನಿರ್ಣಯ ಅಂಗೀಕರಿಸಬೇಕು, ಅಧ್ಯಕ್ಷರ ನಿಷೇಧಾಧಿಕಾರವನ್ನೂ ಮೀರಬೇಕು. 2015ರ ಸೆಪ್ಟೆಂಬರ್ 10ರಂದು ಸೆನೆಟ್‌ನಲ್ಲಿ ಅಸಮ್ಮತಿ ನಿರ್ಣಯದ ಚರ್ಚೆ ಮುಗಿಸಿ ಮತಕ್ಕೆ ಹೋಗಲು 60 ಬೇಕಿದ್ದಾಗ ಸಿಕ್ಕಿದ್ದು 58, ವಿರುದ್ಧ 42. ಮರುದಿನ ಪ್ರತಿನಿಧಿ ಸಭೆಯಲ್ಲಿ ಒಪ್ಪಂದದ ಪರ 162, ವಿರುದ್ಧ 269 ಮತ. ಹೀಗೆ ಸದನಗಳಲ್ಲಿ ಬಹುಮತವಿಲ್ಲದೆಯೂ ಒಪ್ಪಂದ ಜಾರಿಗೆ ಬಂತು. ಒಬಾಮ ಬೆಂಬಲಿಗರಿಗೆ ಆ ದಿನ ಅದು ಗೆಲುವಾಗಿ ಕಂಡಿತು. ನನಗೆ ಕಾಣುವಂತೆ ಮುಂದಿನ ಸೋಲಿನ ಬೀಜ ಬಿದ್ದದ್ದು ಅಂದೇ. ಅಮೆರಿಕದ ಅರ್ಧ ರಾಜಕಾರಣ ಈ ಒಪ್ಪಂದವನ್ನು ಎಂದೂ ತನ್ನದೆಂದುಕೊಳ್ಳಲಿಲ್ಲ.

ಒಬಾಮ ಅವರನ್ನು ಮಾತ್ರ ದೂರಿದರೆ ಅನ್ಯಾಯವಾದೀತು. 67 ಮತ ಸಿಗುವವರೆಗೆ ಕಾಯುತ್ತಿದ್ದರೆ ಒಪ್ಪಂದವೇ ಇರುತ್ತಿರಲಿಲ್ಲ, ಅಷ್ಟರಲ್ಲಿ ಸೆಂಟ್ರಿಫ್ಯೂಜ್‌ಗಳು ನಿಲ್ಲದೆ ತಿರುಗುತ್ತಿದ್ದವು.

ಹೊರಬರಬೇಕೆಂದವರ ವಾದ

ಟ್ರಂಪ್ ಹೇಳಿದ್ದೆಲ್ಲ ಹುರುಳಿಲ್ಲದ್ದು ಎಂದು ತಳ್ಳಿಹಾಕುವವರು ಈ ಪ್ರಕರಣವನ್ನು ಪೂರ್ತಿ ನೋಡಿದಂತಲ್ಲ. ವಿರೋಧಿಗಳ ಆಕ್ಷೇಪಗಳಲ್ಲಿ ಮೂರಕ್ಕೆ ತೂಕವಿತ್ತು. ಮೊದಲನೆಯದು ಅವಧಿಯ ಪ್ರಶ್ನೆ. ಸೆಂಟ್ರಿಫ್ಯೂಜ್‌ಗಳ ಮಿತಿ ಹತ್ತು ವರ್ಷಕ್ಕೆ, ಸಂವರ್ಧನೆಯ ಮಿತಿ ಹದಿನೈದು ವರ್ಷಕ್ಕೆ ಮುಗಿಯುತ್ತಿತ್ತು. ಆಮೇಲೆ ಕಾನೂನುಬದ್ಧವಾಗಿಯೇ ಇರಾನ್ ದೊಡ್ಡ ಪ್ರಮಾಣದ ಸಂವರ್ಧನೆಗೆ ಇಳಿಯಬಹುದಿತ್ತು. ಎರಡನೆಯದು ಕ್ಷಿಪಣಿಗಳು. ಒಪ್ಪಂದದಲ್ಲಿ ಅವುಗಳ ಮಾತೇ ಇಲ್ಲ, 2231ನೇ ನಿರ್ಣಯದಲ್ಲಿದ್ದ ಭಾಷೆಯೂ ಆಜ್ಞೆಗಿಂತ ಕರೆಯ ರೂಪದ್ದು. ಮೂರನೆಯದು ಸಿರಿಯಾ, ಲೆಬನಾನ್, ಯೆಮೆನ್‌ಗಳಲ್ಲಿ ಇರಾನಿನ ಕೈವಾಡ. ನಿರ್ಬಂಧ ಸಡಿಲಿಕೆಯಿಂದ ಬಂದ ಹಣ ಅಲ್ಲಿಗೆ ಹರಿಯುತ್ತದೆ ಎಂಬ ಭಯ ಇಸ್ರೇಲಿಗೂ ಕೊಲ್ಲಿಯ ಅರಬ್ ದೇಶಗಳಿಗೂ ಇತ್ತು.

2018ರ ಏಪ್ರಿಲ್ 30ರಂದು ಇಸ್ರೇಲ್ ಪ್ರಧಾನಿ ಬೆಂಜಮಿನ್ ನೆತನ್ಯಾಹು ಟೆಹರಾನಿನ ಗೋದಾಮೊಂದರಿಂದ ತಮ್ಮ ಗುಪ್ತಚರರು ಹೊತ್ತು ತಂದ 55 ಸಾವಿರ ಪುಟಗಳ ಕಡತ ಮತ್ತು 183 ಸಿ.ಡಿ.ಗಳನ್ನು ಪರದೆ ಸರಿಸಿ ತೋರಿಸಿದರು. ಹಿಂದೆ ಅಣ್ವಸ್ತ್ರ ಯೋಜನೆಯೇ ಇರಲಿಲ್ಲ ಎಂದು ಇರಾನ್ ಹೇಳಿದ್ದು ಸುಳ್ಳು ಎಂಬುದಕ್ಕೆ ಅದು ಬಲವಾದ ಸಾಕ್ಷಿ. ಆದರೆ ಅಣುಶಕ್ತಿ ಸಂಸ್ಥೆಯೂ 2015ರ ಡಿಸೆಂಬರಿನಲ್ಲೇ 2003ರವರೆಗೆ ಸಂಘಟಿತವಾದ ಅಂಥ ಕೆಲಸ ನಡೆದಿತ್ತೆಂದು ವರದಿ ಮಾಡಿತ್ತು. ಹಾಗಾಗಿ ಅವೇ ಕಡತಗಳಿಂದ ಎರಡು ತೀರ್ಮಾನ ಹೊರಟವು. ಸುಳ್ಳು ಹೇಳಿದವರೊಡನೆ ಒಪ್ಪಂದ ಬೇಡ ಎಂದರು ಒಂದು ಕಡೆಯವರು. ಸುಳ್ಳು ಹೇಳುವವರನ್ನು ತಪಾಸಣೆಯಿಂದ ಹೊರಗೆ ಬಿಡುವುದೇ ಅಪಾಯ ಎಂದರು ಇನ್ನೊಂದು ಕಡೆಯವರು. ನನಗೆ ಎರಡನೆಯವರ ಮಾತು ಸರಿಯೆನಿಸುತ್ತದೆ. ನಂಬಿಕಸ್ಥರಿಗೆ ಇಷ್ಟೊಂದು ಕ್ಯಾಮೆರಾ, ಮುದ್ರೆ, ಲೆಕ್ಕಪತ್ರಗಳ ಕಾವಲೇ ಬೇಕಾಗುವುದಿಲ್ಲ.

ಇಸ್ರೇಲಿನೊಳಗೂ ಒಮ್ಮತವಿರಲಿಲ್ಲ ಎಂಬುದು ನಮ್ಮಲ್ಲಿ ಹೆಚ್ಚು ಚರ್ಚೆಗೆ ಬಾರದ ಸಂಗತಿ. ಆಗಿನ ಸೇನಾ ಮುಖ್ಯಸ್ಥ ಗಾಡಿ ಐಸೆನ್‌ಕಾಟ್ ಅದೇ ವರ್ಷದ ಮಾರ್ಚಿನಲ್ಲಿ ಪತ್ರಿಕಾ ಸಂದರ್ಶನವೊಂದರಲ್ಲಿ, ದೋಷಗಳೇನೇ ಇದ್ದರೂ ಒಪ್ಪಂದ ಕೆಲಸ ಮಾಡುತ್ತಿದೆ, ಇರಾನಿನ ಅಣ್ವಸ್ತ್ರದ ಆಸೆಯನ್ನು ಹತ್ತು ಹದಿನೈದು ವರ್ಷ ಮುಂದಕ್ಕೆ ತಳ್ಳಿದೆ ಎಂದಿದ್ದರು.

ಮತವಿಲ್ಲದ ನಿರ್ಗಮನ

2016ರ ಮಾರ್ಚಿನಲ್ಲಿ ಅಭ್ಯರ್ಥಿ ಟ್ರಂಪ್ ಇಸ್ರೇಲ್ ಪರ ಸಂಘಟನೆಯೊಂದರ ಸಮಾವೇಶದಲ್ಲಿ ಮಾತನಾಡಿದರು. ಈ ಒಪ್ಪಂದವನ್ನು ಕಳಚಿಹಾಕುವುದೇ ತಮ್ಮ ಮೊದಲ ಆದ್ಯತೆ ಎಂದರು. ಅದೇ ಭಾಷಣದಲ್ಲಿ, ಯಾರೂ ಕಂಡಿರದಷ್ಟು ಕಟ್ಟುನಿಟ್ಟಾಗಿ ಅದನ್ನು ಜಾರಿಗೊಳಿಸುತ್ತೇವೆ ಎಂದೂ ಹೇಳಿದರು. ಈ ಎರಡು ಮಾತುಗಳ ನಡುವಿನ ಜಗ್ಗಾಟವೇ ಅವರ ಆಡಳಿತದ ಮೊದಲ ವರ್ಷ.

ಪ್ರತಿ 90 ದಿನಕ್ಕೊಮ್ಮೆ ಇರಾನ್ ಒಪ್ಪಂದ ಪಾಲಿಸುತ್ತಿದೆಯೇ ಎಂದು ಅಧ್ಯಕ್ಷರು ಕಾಂಗ್ರೆಸ್ಸಿಗೆ ದೃಢೀಕರಿಸಬೇಕಿತ್ತು. 2017ರ ಏಪ್ರಿಲ್ ಮತ್ತು ಜುಲೈನಲ್ಲಿ ಆಡಳಿತ ದೃಢೀಕರಿಸಿತು. ವಿದೇಶಾಂಗ ಕಾರ್ಯದರ್ಶಿ ರೆಕ್ಸ್ ಟಿಲ್ಲರ್‌ಸನ್, ರಕ್ಷಣಾ ಕಾರ್ಯದರ್ಶಿ ಜೇಮ್ಸ್ ಮ್ಯಾಟಿಸ್, ಭದ್ರತಾ ಸಲಹೆಗಾರ ಎಚ್.ಆರ್. ಮೆಕ್‌ಮಾಸ್ಟರ್ ಮೂವರೂ ಒಳಗೇ ಉಳಿಯುವುದರ ಪರ. ಒಪ್ಪಂದದಲ್ಲಿ ಉಳಿಯುವುದು ದೇಶದ ಹಿತಕ್ಕೆ ಅನುಗುಣವೇ ಎಂದು ಅಕ್ಟೋಬರ್ 3ರಂದು ಸೆನೆಟ್ ಸಮಿತಿ ಕೇಳಿದಾಗ ಮ್ಯಾಟಿಸ್ ಹೌದು ಎಂದೇ ಉತ್ತರಿಸಿದರು. ಹತ್ತೇ ದಿನಗಳಲ್ಲಿ, ಅಕ್ಟೋಬರ್ 13ರಂದು, ಟ್ರಂಪ್ ದೃಢೀಕರಣ ನಿರಾಕರಿಸಿದರು.

ಚೆಂಡು ಆಗ ಕಾಂಗ್ರೆಸ್ಸಿನ ಅಂಗಳಕ್ಕೆ ಬಿತ್ತು. ಕಾಯ್ದೆಯ ಪ್ರಕಾರ 60 ದಿನಗಳೊಳಗೆ ನಿರ್ಬಂಧಗಳನ್ನು ಮತ್ತೆ ಹೇರಲು ತ್ವರಿತ ಮತದಾನದ ಅವಕಾಶವಿತ್ತು. ಎರಡೂ ಸದನಗಳು ರಿಪಬ್ಲಿಕನ್ನರ ಹಿಡಿತದಲ್ಲಿದ್ದವು. ಎರಡು ವರ್ಷ ಹಿಂದೆ ಒಪ್ಪಂದದ ವಿರುದ್ಧ ಗುಡುಗಿದ ಅದೇ ಸದಸ್ಯರು ಆ 60 ದಿನ ಕಳೆಯಲು ಬಿಟ್ಟರು. ಇಡೀ ಪ್ರಕರಣದಲ್ಲಿ ಇದು ನನ್ನನ್ನು ಹೆಚ್ಚು ಕಾಡುವ ಘಟ್ಟ. ಸೇರುವುದನ್ನು ವಿರೋಧಿಸಿ ಭಾಷಣ ಮಾಡುವುದು ಸುಲಭವಿತ್ತು. ಬಿಡುವುದರ ಪರ ಹೆಸರು ದಾಖಲಿಸಿ ಮತ ಹಾಕುವ ಹೊಣೆ ಹೊರಲು ಯಾರೂ ಮುಂದಾಗಲಿಲ್ಲ. ಹೊಣೆ ಪೂರ್ತಿಯಾಗಿ ಒಬ್ಬ ವ್ಯಕ್ತಿಯ ಕೈಗೆ ಹೋಯಿತು.

2018ರ ಜನವರಿ 12ರಂದು ಟ್ರಂಪ್ ಕೊನೆಯ ಬಾರಿ ನಿರ್ಬಂಧ ವಿನಾಯಿತಿಗೆ ಸಹಿ ಹಾಕಿ, ಒಪ್ಪಂದ ಸರಿಪಡಿಸಿ ಎಂದು ಐರೋಪ್ಯರಿಗೆ ಗಡುವು ಕೊಟ್ಟರು. ವಿದೇಶಾಂಗ ಇಲಾಖೆಯ ಬ್ರಯಾನ್ ಹುಕ್ ಬ್ರಿಟನ್, ಫ್ರಾನ್ಸ್, ಜರ್ಮನಿಗಳ ರಾಜತಾಂತ್ರಿಕರೊಂದಿಗೆ ತಿಂಗಳುಗಟ್ಟಲೆ ಕೂತರು. ಕ್ಷಿಪಣಿ, ತಪಾಸಣೆಗಳ ಬಗ್ಗೆ ಬಹುತೇಕ ಒಮ್ಮತಕ್ಕೂ ಬಂದರು. ಅವಧಿಯ ಪ್ರಶ್ನೆಯೊಂದೇ ಬಗೆಹರಿಯಲಿಲ್ಲ. ಅಷ್ಟರಲ್ಲಿ ಟಿಲ್ಲರ್‌ಸನ್ ಜಾಗಕ್ಕೆ ಪಾಂಪಿಯೊ, ಮೆಕ್‌ಮಾಸ್ಟರ್ ಜಾಗಕ್ಕೆ ಜಾನ್ ಬೋಲ್ಟನ್ ಬಂದಿದ್ದರು. ಫ್ರಾನ್ಸಿನ ಮ್ಯಾಕ್ರನ್, ಜರ್ಮನಿಯ ಮರ್ಕೆಲ್, ಬ್ರಿಟನ್ನಿನ ಬೋರಿಸ್ ಜಾನ್ಸನ್ ಒಬ್ಬರ ಹಿಂದೊಬ್ಬರು ವಾಷಿಂಗ್ಟನ್ನಿಗೆ ಬಂದು ಮನವೊಲಿಸಲು ನೋಡಿದರು. ಫಲಿಸಲಿಲ್ಲ.

ಒಪ್ಪಂದದಲ್ಲಿ ಹೊರಬರುವ ವಿಧಿಯೇ ಇರಲಿಲ್ಲ. ತಕರಾರಿದ್ದರೆ ಜಂಟಿ ಆಯೋಗಕ್ಕೆ, ಅಲ್ಲಿಂದ ಸಚಿವರ ಮಟ್ಟಕ್ಕೆ ಒಯ್ಯುವ ದಾರಿ ಇತ್ತು. ಇರಾನ್ ಷರತ್ತು ಮುರಿದಿದೆ ಎಂದು ಅಮೆರಿಕ ಆ ದಾರಿ ಹಿಡಿಯಲೇ ಇಲ್ಲ. ಇಲ್ಲಿ ನಮ್ಮ ಅನುಭವ ನೆನಪಿಗೆ ಬರುತ್ತದೆ. 2008ರ ಭಾರತ-ಅಮೆರಿಕ ನಾಗರಿಕ ಅಣು ಒಪ್ಪಂದದ ವಿಷಯದಲ್ಲಿ ಎಡಪಕ್ಷಗಳು ಬೆಂಬಲ ಹಿಂತೆಗೆದುಕೊಂಡವು. ಜುಲೈ 22ರಂದು ಮನಮೋಹನ್ ಸಿಂಗ್ ಸರ್ಕಾರ 275-256 ಮತಗಳಿಂದ ವಿಶ್ವಾಸಮತ ಗೆದ್ದಿತು. ಅತ್ತ ಅಮೆರಿಕದ ಎರಡೂ ಸದನಗಳು ಅದನ್ನು ಮತ ಹಾಕಿ ಅಂಗೀಕರಿಸಿದವು. ಕೈಬಿಡಬೇಕೆಂದರೆ ಒಂದು ವರ್ಷ ಮುಂಚೆ ಲಿಖಿತ ಸೂಚನೆ ಕೊಡಬೇಕೆಂದೂ ಅದರಲ್ಲಿ ಬರೆದಿದೆ. ಎಷ್ಟೇ ಕಹಿ ಜಗಳವಾಗಿದ್ದರೂ ಅದಕ್ಕೆ ಎರಡೂ ದೇಶಗಳ ಸದನಗಳ ಮುದ್ರೆ ಬಿತ್ತು. ಇರಾನ್ ಒಪ್ಪಂದಕ್ಕೆ ಆ ರಕ್ಷಣೆ ಸಿಗಲಿಲ್ಲ.

ಮಂಗಳೂರಿಗೆ ತಟ್ಟಿದ ಬಿಸಿ

ಅಮೆರಿಕದ ನಿರ್ಬಂಧಗಳು 2018ರ ಆಗಸ್ಟ್ 7 ಮತ್ತು ನವೆಂಬರ್ 5ರಂದು ಎರಡು ಕಂತುಗಳಲ್ಲಿ ಮರಳಿದವು. ಅಮೆರಿಕದ ಕಂಪನಿಗಳಿಗೆ ಮಾತ್ರ ಅನ್ವಯಿಸಿದ್ದರೆ ಅವುಗಳ ಪೆಟ್ಟು ಸಣ್ಣದು. ಇರಾನ್ ಜೊತೆ ವ್ಯವಹರಿಸಿದವರು ಯಾವ ದೇಶದವರಾದರೂ ಡಾಲರ್ ವ್ಯವಸ್ಥೆಯಿಂದ ಹೊರಬೀಳಬೇಕಾಗುತ್ತದೆ ಎಂಬುದು ಅವುಗಳ ನಿಜವಾದ ಬಲ. ಫ್ರಾನ್ಸಿನ ಟೋಟಲ್ ಕಂಪನಿ ದಕ್ಷಿಣ ಪಾರ್ಸ್ ಅನಿಲ ಯೋಜನೆ ಬಿಟ್ಟು ಹೊರಟಿತು. ನೂರು ಏರ್‌ಬಸ್ ವಿಮಾನ ಕೊಳ್ಳಲು ಹೊರಟಿದ್ದ ಇರಾನಿಗೆ ಬಂದಿದ್ದು ಮೂರು. ಐರೋಪ್ಯರು ಡಾಲರಿನ ಹಂಗಿಲ್ಲದೆ ವ್ಯಾಪಾರ ನಡೆಸಲು ಇನ್‌ಸ್ಟೆಕ್ಸ್ ಎಂಬ ಏರ್ಪಾಡು ಮಾಡಿದರು. ಅದರ ಮೊದಲ ವಹಿವಾಟು ನಡೆದದ್ದು 2020ರ ಮಾರ್ಚಿನಲ್ಲಿ, ವೈದ್ಯಕೀಯ ಸಾಮಗ್ರಿಗೆ.

ಭಾರತಕ್ಕೆ ಕಚ್ಚಾ ತೈಲ ಪೂರೈಸುವವರಲ್ಲಿ ಇರಾನಿಗೆ ಆಗ ಇರಾಕ್, ಸೌದಿ ಅರೇಬಿಯಾಗಳ ನಂತರ ಮೂರನೆಯ ಸ್ಥಾನ. ಮಂಗಳೂರಿನ ಎಂಆರ್‌ಪಿಎಲ್ ಇರಾನಿನ ಹಳೆಯ, ದೊಡ್ಡ ಗಿರಾಕಿಗಳಲ್ಲಿ ಒಂದು. ಇರಾನ್ 60 ದಿನಗಳ ಸಾಲ ಕೊಡುತ್ತಿತ್ತು, ಹಡಗು ಬಾಡಿಗೆಯಲ್ಲೂ ರಿಯಾಯಿತಿ ಸಿಗುತ್ತಿತ್ತು. ವಿಶ್ವಸಂಸ್ಥೆಯ ನಿರ್ಬಂಧಗಳನ್ನಷ್ಟೇ ನಾವು ಪಾಲಿಸುತ್ತೇವೆ, ಒಂದು ದೇಶ ಹೇರಿದ್ದನ್ನಲ್ಲ ಎಂದು ವಿದೇಶಾಂಗ ಸಚಿವೆ ಸುಷ್ಮಾ ಸ್ವರಾಜ್ 2018ರ ಮೇ ತಿಂಗಳಲ್ಲಿ ಹೇಳಿದರು. ನವೆಂಬರಿನಲ್ಲಿ ಅಮೆರಿಕ ಎಂಟು ಖರೀದಿದಾರರಿಗೆ ಕೊಟ್ಟ ಆರು ತಿಂಗಳ ವಿನಾಯಿತಿಯಲ್ಲಿ ಭಾರತವೂ ಸೇರಿತ್ತು. ಇಂಡಿಯನ್ ಆಯಿಲ್ ಮತ್ತು ಎಂಆರ್‌ಪಿಎಲ್ ಯುಕೊ ಬ್ಯಾಂಕ್ ಮೂಲಕ ರೂಪಾಯಿಯಲ್ಲಿ ಹಣ ಪಾವತಿಸಿ ತೈಲ ತರಿಸಿದವು. 2019ರ ಮೇ 2ಕ್ಕೆ ವಿನಾಯಿತಿ ಮುಗಿಯಿತು, ಖರೀದಿಯೂ ನಿಂತಿತು. ಆ ತಿಂಗಳು ಜರೀಫ್ ದೆಹಲಿಗೆ ಬಂದು ಹೋದರೂ ಏನೂ ಬದಲಾಗಲಿಲ್ಲ. ಒಪ್ಪಂದದ ಸದಸ್ಯರಲ್ಲದ, ಅದರ ಚರ್ಚೆಯಲ್ಲಿ ದನಿಯೇ ಇರದಿದ್ದ ದೇಶವೊಂದರ ತೈಲ ಶುದ್ಧೀಕರಣ ಘಟಕ ಹೊಸ ಮಾರಾಟಗಾರರನ್ನು ಹುಡುಕಬೇಕಾಯಿತು.

ಟೆಹರಾನಿನ ಚರ್ಚೆ

ಟ್ರಂಪ್ ಪ್ರಕಟಣೆಯ ಮರುದಿನ ಇರಾನ್ ಸಂಸತ್ತಿನಲ್ಲಿ ಕೆಲವು ಸದಸ್ಯರು ಅಮೆರಿಕದ ಕಾಗದದ ಧ್ವಜವನ್ನೂ ಒಪ್ಪಂದದ ಪ್ರತಿಯೆಂದು ತಂದ ಕಾಗದವನ್ನೂ ಸುಟ್ಟರು. ಹೊರಗಿನ ಸುದ್ದಿವಾಹಿನಿಗಳು ಆ ಬೆಂಕಿಯನ್ನೇ ಮತ್ತೆ ಮತ್ತೆ ತೋರಿಸಿದವು. ನಿಜವಾಗಿ ನಡೆದದ್ದು ಇನ್ನೂ ಗಂಭೀರ. ಅಧ್ಯಕ್ಷ ಹಸನ್ ರೌಹಾನಿ ಮತ್ತು ಜರೀಫ್ ತಮ್ಮ ರಾಜಕೀಯ ಬಾಳನ್ನೇ ಪಣಕ್ಕಿಟ್ಟು, ಅಮೆರಿಕದ ಜೊತೆ ಮಾತಾಡಿದರೆ ಫಲವಿದೆ ಎಂದು ವಾದಿಸಿದ್ದರು. ಅಮೆರಿಕವನ್ನು ನಂಬಬೇಡಿ ಎಂದಿದ್ದವರ ಮಾತೇ ನಿಜವಾಯಿತು. 2020ರಲ್ಲಿ ಸಂಸತ್ತು, 2021ರಲ್ಲಿ ಅಧ್ಯಕ್ಷ ಪದವಿ ಕಟ್ಟಾ ಸಂಪ್ರದಾಯವಾದಿಗಳ ಪಾಲಾದವು. ಸುಧಾರಣಾವಾದಿ ಅಭ್ಯರ್ಥಿಗಳನ್ನು ಕಣದಿಂದಲೇ ದೂರವಿಟ್ಟದ್ದೂ ಆರ್ಥಿಕ ಸಂಕಟವೂ ಅದಕ್ಕೆ ಕಾರಣ ಎಂಬುದನ್ನು ಮರೆಯುವಂತಿಲ್ಲ. ಆದರೆ ಮಾತುಕತೆಯ ಪರ ಇದ್ದವರ ಬಾಯಿ ಕಟ್ಟಿದ್ದು 2018ರ ಮೇ ತಿಂಗಳೇ.

ಆದರೂ ಇರಾನ್ ಒಂದು ವರ್ಷ ಮಿತಿಯೊಳಗೇ ಉಳಿಯಿತು. 2019ರ ಜುಲೈನಲ್ಲಿ ದಾಸ್ತಾನು 300 ಕಿಲೊ ದಾಟಿತು, ಸಂವರ್ಧನೆ ಶೇ 4.5ಕ್ಕೆ ಏರಿತು. ನವೆಂಬರಿನಲ್ಲಿ ಫೋರ್ಡೊ ಮತ್ತೆ ಶುರುವಾಯಿತು. ಅಣುವಿಜ್ಞಾನಿ ಮೊಹಸೆನ್ ಫಖ್ರಿಜಾದೆ ಹತ್ಯೆಯ ನಂತರ ಸಂಸತ್ತು ಮಾಡಿದ ಕಾಯ್ದೆಯಂತೆ 2021ರ ಜನವರಿಯಲ್ಲಿ ಶೇ 20ರ ಸಂವರ್ಧನೆ, ನತಾಂಜ್‌ನಲ್ಲಿ ವಿಧ್ವಂಸಕ ಕೃತ್ಯ ನಡೆದ ನಂತರ ಏಪ್ರಿಲ್‌ನಲ್ಲಿ ಶೇ 60. ತಪಾಸಕರ ಕ್ಯಾಮೆರಾಗಳು ಒಂದೊಂದಾಗಿ ಇಳಿದವು. ಒತ್ತಡ ಹೇರಿದರೆ ಇನ್ನೂ ಒಳ್ಳೆಯ ಒಪ್ಪಂದ ಸಿಗುತ್ತದೆ ಎಂಬುದು ಪಾಂಪಿಯೊ 12 ಬೇಡಿಕೆಗಳನ್ನು ಮುಂದಿಟ್ಟಾಗ ಕೊಟ್ಟ ಭರವಸೆ. ಟ್ರಂಪ್ ಮೊದಲ ಅವಧಿ ಮುಗಿಯುವಾಗ ಆ ಒಪ್ಪಂದವೂ ಇರಲಿಲ್ಲ, ಹಳೆಯ ಮಿತಿಗಳೂ ಇರಲಿಲ್ಲ.

ಜೋ ಬೈಡನ್ ಅಧ್ಯಕ್ಷರಾದ ಮೇಲೆ 2021 ಮತ್ತು 2022ರಲ್ಲಿ ವಿಯೆನ್ನಾದಲ್ಲಿ ಮತ್ತೆ ಮಾತುಕತೆ ನಡೆದವು. ಮುಂದಿನ ಅಧ್ಯಕ್ಷರು ಮತ್ತೆ ಬಿಟ್ಟುಹೋಗುವುದಿಲ್ಲವೆಂದು ಖಾತರಿ ಕೊಡಿ ಎಂಬುದು ಇರಾನ್ ಮುಂದಿಟ್ಟ ಬೇಡಿಕೆಗಳಲ್ಲೊಂದು. ಅಂಥ ಖಾತರಿ ಕೊಡುವ ಅಧಿಕಾರ ಬೈಡನ್‌ಗೆ ಇರಲಿಲ್ಲ. ಸೆನೆಟ್‌ನ 67 ಮತ ಸಿಕ್ಕಿದ್ದರೂ ಅದು ಪೂರ್ಣ ಖಾತರಿಯಾಗುತ್ತಿರಲಿಲ್ಲ. ಮಾತುಕತೆ ಮುರಿದುಬಿದ್ದುದಕ್ಕೆ ಬೇರೆ ಕಾರಣಗಳೂ ಇವೆ. ಆದರೆ ಈ ಒಂದು ಬೇಡಿಕೆಗೆ ಉತ್ತರವೇ ಇರಲಿಲ್ಲ.

ಎರಡು ಪಂಚಾಂಗ

ಒಪ್ಪಂದ ರೂಪಿಸಿದವರು ಒಂದು ಚಾಣಾಕ್ಷ ವ್ಯವಸ್ಥೆ ಇಟ್ಟಿದ್ದರು. ಇರಾನ್ ಷರತ್ತು ಮುರಿದಿದೆ ಎಂದು ಸದಸ್ಯ ದೇಶವೊಂದು ದೂರಿದರೆ 30 ದಿನಗಳಲ್ಲಿ ವಿಶ್ವಸಂಸ್ಥೆಯ ಹಳೆಯ ನಿರ್ಬಂಧಗಳು ತಾವಾಗಿ ಮರಳುತ್ತವೆ, ರಷ್ಯಾ ಅಥವಾ ಚೀನಾ ನಿಷೇಧಾಧಿಕಾರ ಬಳಸಿ ತಡೆಯುವಂತಿಲ್ಲ. 2020ರ ಆಗಸ್ಟಿನಲ್ಲಿ ಪಾಂಪಿಯೊ ಇದನ್ನು ಬಳಸಲು ಹೊರಟರು. ಹೊರನಡೆದವರು ಸದಸ್ಯರಲ್ಲ ಎಂದು ಭದ್ರತಾ ಮಂಡಳಿಯ 15 ಸದಸ್ಯರಲ್ಲಿ 13 ಮಂದಿ ಒಪ್ಪಲಿಲ್ಲ. ಒಳಗೇ ಉಳಿದಿದ್ದರೆ ಕೈಯಲ್ಲಿರುತ್ತಿದ್ದ ಅತಿ ಬಲವಾದ ಅಸ್ತ್ರವನ್ನು ಅಮೆರಿಕ ಹೊರಬರುವಾಗಲೇ ಕೈಚೆಲ್ಲಿತ್ತು.

2025ರ ಜೂನ್ 13ರಂದು ಇಸ್ರೇಲ್ ದಾಳಿ ಆರಂಭಿಸಿದಾಗ ಇರಾನಿನ ಬಳಿ ಶೇ 60ರ ಮಟ್ಟದ 440.9 ಕಿಲೊ ಯುರೇನಿಯಂ ಇತ್ತೆಂದು ಅಣುಶಕ್ತಿ ಸಂಸ್ಥೆ ಅಂದಾಜಿಸಿದೆ. ಅದೇ ತಿಂಗಳ 22ರಂದು ಅಮೆರಿಕ ಫೋರ್ಡೊ, ನತಾಂಜ್, ಇಸ್ಫಹಾನ್‌ಗಳ ಅಣು ಘಟಕಗಳ ಮೇಲೆ ದಾಳಿ ಮಾಡಿತು. ಜುಲೈನಲ್ಲಿ ಇರಾನ್ ಕಾನೂನು ಮಾಡಿ ಅಣುಶಕ್ತಿ ಸಂಸ್ಥೆಯೊಂದಿಗಿನ ಸಹಕಾರ ನಿಲ್ಲಿಸಿತು. ಅಣ್ವಸ್ತ್ರ ಪ್ರಸರಣ ತಡೆ ಒಪ್ಪಂದದಿಂದಲೇ ಹೊರಬರಬೇಕೆಂಬ ಕೂಗೂ ಸಂಸತ್ತಿನಲ್ಲಿ ಎದ್ದಿತು. ಆ ಒಪ್ಪಂದದ ಹತ್ತನೇ ವಿಧಿ ಮೂರು ತಿಂಗಳ ಸೂಚನೆ ಕೊಟ್ಟು ಹೊರಬರಲು ಅವಕಾಶ ಕೊಡುತ್ತದೆ. ಹಾಗೆ ಹೊರಟ ಉತ್ತರ ಕೊರಿಯಾ 2006ರಲ್ಲಿ ಬಾಂಬ್ ಪರೀಕ್ಷಿಸಿತು.

2025ರ ಆಗಸ್ಟ್ 28ರಂದು ಬ್ರಿಟನ್, ಫ್ರಾನ್ಸ್, ಜರ್ಮನಿ 30 ದಿನಗಳ ವಿಧಿಯನ್ನು ಚಲಾಯಿಸಿದವು. ಸೆಪ್ಟೆಂಬರ್ ಕೊನೆಗೆ ವಿಶ್ವಸಂಸ್ಥೆಯ ನಿರ್ಬಂಧಗಳು ಮರಳಿದವು ಎಂಬುದು ಅವರ ನಿಲುವು. ಇರಾನ್, ರಷ್ಯಾ, ಚೀನಾ ಅದನ್ನು ಒಪ್ಪಲಿಲ್ಲ. ಮೂಲ ವೇಳಾಪಟ್ಟಿಯಂತೆ ಅಕ್ಟೋಬರ್ 18ಕ್ಕೆ 2231ನೇ ನಿರ್ಣಯದ ಅವಧಿಯೇ ಮುಗಿಯಿತು ಎಂದು ಆ ಮೂರೂ ದೇಶಗಳು ವಿಶ್ವಸಂಸ್ಥೆಗೆ ಬರೆದವು. ಒಂದು ಗುಂಪಿನ ಲೆಕ್ಕದಲ್ಲಿ ನಿರ್ಬಂಧಗಳು ಜಾರಿಗೆ ಬಂದಿದ್ದವು, ಇನ್ನೊಂದು ಗುಂಪಿನ ಲೆಕ್ಕದಲ್ಲಿ ಹೇರಲು ಆಧಾರವೇ ಉಳಿದಿರಲಿಲ್ಲ.